ಹೊಳೆಯ ಪಾಲಿನ ನೆಲ

ನೆರೆ ಬಂದು ಮನೆ ಮುಳುಗಿದಾಗ ಜನರು ಮೊದಲು ಶಪಿಸುವುದು ಹೊಳೆಯನ್ನು, ಅನಂತರ ದೈವವನ್ನು. ಅಮೆರಿಕದ ಭೂಗೋಳಶಾಸ್ತ್ರಜ್ಞ ಗಿಲ್ಬರ್ಟ್ ವೈಟ್ ಇವೆರಡನ್ನೂ ಬಿಟ್ಟು ಮೂರನೆಯವರತ್ತ ಬೆರಳು ತೋರಿಸಿದರು. ಉಕ್ಕುವುದು ಹೊಳೆಯ ಧರ್ಮ; ಅದು ಉಕ್ಕಿ ಹರಡುವ ನೆಲದಲ್ಲಿ ಮನೆ, ಅಂಗಡಿ, ಕಾರ್ಖಾನೆಗಳನ್ನು ಕಟ್ಟಿದವರು ಯಾರು?

ವೈಟ್ ಹುಟ್ಟಿದುದು 1911ರಲ್ಲಿ, ಶಿಕಾಗೋ ನಗರದಲ್ಲಿ. ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಓದಿ, 1934ರಲ್ಲಿ ವಾಷಿಂಗ್ಟನ್ನಿಗೆ ಹೋಗಿ, ಅಧ್ಯಕ್ಷ ರೂಸ್‌ವೆಲ್ಟರ ಆಡಳಿತದಲ್ಲಿ ನದಿಗಳ ಯೋಜನೆಗೆ ಸಂಬಂಧಿಸಿದ ಕೆಲಸಕ್ಕೆ ಸೇರಿದರು. 1927ರ ಮಿಸಿಸಿಪ್ಪಿ ಮಹಾಪೂರದ ನೆನಪು ಆಗಿನ್ನೂ ಮಾಸಿರಲಿಲ್ಲ. 1936ರಲ್ಲಿ ಪ್ರವಾಹ ನಿಯಂತ್ರಣದ ಶಾಸನವೂ ಬಂದಿತು. ಅಣೆಕಟ್ಟು ಕಟ್ಟಿ, ದಂಡೆಯುದ್ದಕ್ಕೂ ಮಣ್ಣಿನ ಒಡ್ಡು ಹಾಕಿದರೆ ನೆರೆಯ ಕಾಟ ತೀರಿತೆಂಬುದು ಎಂಜಿನಿಯರರ ಭರವಸೆ.

ಕಡತಗಳ ನಡುವೆ ಕುಳಿತಿದ್ದ ತರುಣನಿಗೆ ಈ ಭರವಸೆಯ ಮೇಲೆಯೇ ಸಂದೇಹ ಮೂಡಿತು. ಒಡ್ಡು ಎದ್ದೊಡನೆ ಜನರಿಗೆ ಧೈರ್ಯ ಬರುತ್ತದೆ. ಅದರ ಮರೆಯಲ್ಲಿ ಬಡಾವಣೆಗಳು ಏಳುತ್ತವೆ. ಸಣ್ಣಪುಟ್ಟ ನೆರೆಗಳು ನಿಲ್ಲುವುದು ನಿಜ. ಆದರೆ ಎಂದೋ ಒಂದು ದಿನ ಒಡ್ಡನ್ನೂ ಮೀರುವ ಪ್ರವಾಹ ಬಂದರೆ ಹಿಂದೆ ಹೊಲಗದ್ದೆ ಮಾತ್ರ ಮುಳುಗುತ್ತಿದ್ದ ಕಡೆ ಈಗ ಊರೇ ಮುಳುಗುತ್ತದೆ! ಅಣೆಕಟ್ಟು ಬೇಡವೆಂದು ವೈಟ್ ಹೇಳಲಿಲ್ಲ. ಅದೊಂದೇ ಸಾಲದು, ಮುನ್ಸೂಚನೆ, ವಿಮೆ, ನೆಲದ ಬಳಕೆಗೆ ಕಟ್ಟುಪಾಡು, ಇವೆಲ್ಲವನ್ನೂ ಒಟ್ಟಿಗೆ ತೂಗಿ ನೋಡಬೇಕೆಂದರು. 1945ರಲ್ಲಿ ಅಚ್ಚಾದ ಅವರ ಪಿಎಚ್.ಡಿ. ಪ್ರಬಂಧದ ಸಾರವಿದು.

ಅದು ಅಚ್ಚಾಗುವ ಮುನ್ನ ಅವರು ಸೆರೆವಾಸವನ್ನೂ ಕಂಡು ಬಂದಿದ್ದರು. ವೈಟ್ ಯುದ್ಧವನ್ನೊಪ್ಪದ ಕ್ವೇಕರ್ ಪಂಥದವರು. ಕೋವಿ ಹಿಡಿಯಲೊಲ್ಲದೆ, ನಿರಾಶ್ರಿತರಿಗೆ ನೆರವಾಗಲೆಂದು 1942ರಲ್ಲಿ ಫ್ರಾನ್ಸಿಗೆ ಹೋದರು. ಜರ್ಮನರು ಹಿಡಿದು ಬಾಡೆನ್-ಬಾಡೆನ್‌ನಲ್ಲಿ ಇರಿಸಿದರು. ಬಿಡುಗಡೆ ಹೊಂದಿ ಬಂದವರು 1946ರಲ್ಲಿ, ತಮ್ಮ 34ನೆಯ ವಯಸ್ಸಿನಲ್ಲಿ, ಹ್ಯಾವರ್‌ಫರ್ಡ್ ಕಾಲೇಜಿನ ಅಧ್ಯಕ್ಷರಾದರು.

ಆ ಪದವಿಯಲ್ಲೇ ಸುಖವಾಗಿ ಉಳಿಯಬಹುದಿತ್ತು. ಆದರೆ ಹೊಳೆಗಳು ಬಿಡಲಿಲ್ಲ. ಶಿಕಾಗೋಗೆ ಮರಳಿ, ಸಂಗಡಿಗರೊಡನೆ 17 ನಗರಪ್ರದೇಶಗಳನ್ನು ಪರಿಶೀಲಿಸಿದರು. 1958ರಲ್ಲಿ ಹೊರಬಂದ ವರದಿ ಹಳೆಯ ಸಂದೇಹವನ್ನೇ ದೃಢಪಡಿಸಿತು: ಸರಕಾರ ರಕ್ಷಣೆಗಾಗಿ ಹಣ ಸುರಿಯುತ್ತಿದ್ದಂತೆಯೇ ಜನವಸತಿಯೂ ನೆರೆಯ ಬಯಲಿಗೆ ಇಳಿಯುತ್ತಿತ್ತು. 1966ರಲ್ಲಿ ಅವರ ಅಧ್ಯಕ್ಷತೆಯ ಸಮಿತಿ ಪ್ರವಾಹ ವಿಮೆಯ ವಿಷಯದಲ್ಲಿ ಎಚ್ಚರಿಕೆ ಕೊಟ್ಟಿತು. ವಿವೇಚನೆಯಿಲ್ಲದೆ ವಿಮೆ ಹಂಚಿದರೆ ಅಪಾಯದ ನೆಲದಲ್ಲಿ ಮನೆ ಕಟ್ಟಲು ಅದೇ ಉತ್ತೇಜನವಾದೀತೆಂಬುದು ಅದರ ಮಾತು. 1968ರಲ್ಲಿ ವಿಮೆಯ ಶಾಸನವಾಯಿತು. 2005ರ ಕತ್ರೀನಾ ಚಂಡಮಾರುತದ ತರುವಾಯ ಆ ಯೋಜನೆ ಕೋಟ್ಯಂತರ ಡಾಲರುಗಳ ಸಾಲದಲ್ಲಿ ಮುಳುಗಿತು.

ಹೆಚ್ಚಾದ ನೀರಿನ ಚಿಂತೆಯಷ್ಟೇ ಅಲ್ಲ, ಸಾಲದ ನೀರಿನ ಚಿಂತೆಯೂ ಈ ವಿದ್ವಾಂಸರಿಗಿತ್ತು. ಪತ್ನಿ ಆ್ಯನ್ ಮತ್ತು ವೈದ್ಯ ಡೇವಿಡ್ ಬ್ರಾಡ್ಲಿಯವರೊಡನೆ ಪೂರ್ವ ಆಫ್ರಿಕದ ಕೀನ್ಯ, ಟಾಂಜಾನಿಯ, ಯುಗಾಂಡಗಳ 34 ಕಡೆಗಳಲ್ಲಿ ಮನೆಬಳಕೆಯ ನೀರಿನ ಲೆಕ್ಕ ತೆಗೆದರು. ಹೆಂಗಸರೂ ಮಕ್ಕಳೂ ಎಷ್ಟು ದೂರ ನಡೆಯುತ್ತಾರೆ, ಎಷ್ಟು ಹೊರುತ್ತಾರೆ, ಹತ್ತಿರದ ನೀರನ್ನು ಬಿಟ್ಟು ದೂರದ್ದನ್ನೇಕೆ ತರುತ್ತಾರೆ? ದೊಡ್ಡ ಅಣೆಕಟ್ಟುಗಳ ಕಾಲದಲ್ಲಿ ಕೊಡ ಹೊತ್ತವರನ್ನು ಇಷ್ಟು ಶ್ರದ್ಧೆಯಿಂದ ವಿಚಾರಿಸಿದ ಪಂಡಿತರು ವಿರಳ. ಆ ಗ್ರಂಥ 1972ರಲ್ಲಿ ಪ್ರಕಟವಾಯಿತು.

ಕೊನೆಯ ಮೂರು ದಶಕಗಳಿಗೂ ಮಿಕ್ಕ ಕಾಲವನ್ನು ಅವರು ಕಳೆದುದು ಕೊಲೊರಾಡೋದ ಬೌಲ್ಡರಿನಲ್ಲಿ. ಊರ ನಡುವಿನ ತೊರೆಯ ಇಕ್ಕೆಲಗಳನ್ನು ಉದ್ಯಾನಗಳಿಗೆ ಬಿಡಿರೆಂಬ ಅವರ ಸಲಹೆಗೆ ಅಲ್ಲಿ ಕಿವಿಗೊಟ್ಟವರಿದ್ದರು. 2006ರಲ್ಲಿ, 94ನೆಯ ವಯಸ್ಸಿನಲ್ಲಿ, ವೈಟ್ ತೀರಿಕೊಂಡರು. 2011ರಲ್ಲಿ ತೊರೆಯ ದಡದಲ್ಲಿ ಅವರ ಸ್ಮಾರಕವಾಗಿ ಒಂದು ಕಂಬ ನಿಂತಿತು. ಅಂತಿಂಥ ನೆರೆ ಬಂದರೆ ನೀರು ಎಲ್ಲಿಯವರೆಗೆ ಏರೀತೆಂಬ ಗುರುತುಗಳು ಅದರ ಮೇಲಿವೆ. ಎರಡೇ ವರ್ಷಕ್ಕೆ, 2013ರ ಸೆಪ್ಟೆಂಬರಿನಲ್ಲಿ, ತೊರೆ ಉಕ್ಕಿತು. ದಡದ ಕಾಲುದಾರಿಗಳ ಮೇಲೆ ನೀರು ಹರಿಯಿತು.