‘ದೌ’ ಅಂದರೆ ತಾವಲ್ಲ

ಹೈಸ್ಕೂಲಿನಲ್ಲಿ ನಮಗೆ ಇಂಗ್ಲಿಷ್ ಪದ್ಯ ಹೇಳಿಕೊಡುತ್ತಿದ್ದ ಮೇಷ್ಟ್ರು ‘ದೌ’ ಎಂಬ ಪದ ಬಂದಾಗಲೆಲ್ಲ ಪುಸ್ತಕ ಕೆಳಗಿಳಿಸಿ, ಕನ್ನಡಕದ ಮೇಲಿಂದ ನಮ್ಮನ್ನು ನೋಡಿ, ‘ದೌ ಅಂದ್ರೆ ತಾವು ಕಣ್ರೋ, ಕೇಳಿದ್ರೇ ಗೊತ್ತಾಗಲ್ವಾ?’ ಅನ್ನುತ್ತಿದ್ದರು. ಕೇಳಿದರೆ ಹಾಗೇ ಇತ್ತು. ದೇವರನ್ನು ಕರೆಯುವ ಪದ ಬೇರೆ. ಬಹಳ ವರ್ಷ ನಾನೂ ಅದನ್ನೇ ನಂಬಿಕೊಂಡಿದ್ದೆ. ಮೇಷ್ಟ್ರು ಹೇಳಿದ್ದು ತಪ್ಪು. ಆದರೆ ಇಂಗ್ಲಿಷನ್ನೇ ಮನೆಮಾತಾಗಿ ಉಳ್ಳ ಎಷ್ಟೋ ಜನ ಇವತ್ತು ಮಾಡುವುದೂ ಅದೇ ತಪ್ಪು.

ದೌ ಅಂದರೆ ನೀನು, ಅಷ್ಟೇ. ಸಂಸ್ಕೃತದ ‘ತ್ವಂ’, ಲ್ಯಾಟಿನ್ನಿನ ‘ತೂ’, ಹಿಂದಿಯ ‘ತೂ’ ಎಲ್ಲ ಅದರ ದಾಯಾದಿಗಳು. ಸಾವಿರ ವರ್ಷದ ಹಿಂದೆ ಅದರ ಉಚ್ಚಾರ ಹೆಚ್ಚುಕಡಿಮೆ ‘ಥೂ’ ಎಂದಿತ್ತು; ಅದನ್ನು ಕೇಳಿಸಿಕೊಂಡಿದ್ದರೆ ನಮ್ಮ ಮೇಷ್ಟ್ರು ತಾವು ಅನ್ನುತ್ತಿರಲಿಲ್ಲವೇನೋ! ಎದುರಿಗೆ ಒಬ್ಬನಿದ್ದರೆ ದೌ, ಹಲವರಿದ್ದರೆ ಯೀ. ‘ನಿನ್ನನ್ನು’ ಎನ್ನಲು ದೀ, ‘ನಿಮ್ಮನ್ನು’ ಎನ್ನಲು ಯೂ. ಇವತ್ತು ಜಗತ್ತೆಲ್ಲ ಆಡುವ ಈ ‘ಯೂ’ ಹುಟ್ಟಿನಿಂದ ಬಹುವಚನ, ಅದೂ ದ್ವಿತೀಯಾ ವಿಭಕ್ತಿಯದು.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ದರ್ಬಾರಿನ ಮಾತು ಫ್ರೆಂಚಾಯಿತು. ದೊಡ್ಡವರನ್ನು ಬಹುವಚನದಲ್ಲಿ ಕರೆಯುವ ಫ್ರೆಂಚರ ಪದ್ಧತಿ ಹದಿಮೂರನೇ ಶತಮಾನದ ಹೊತ್ತಿಗೆ ಇಂಗ್ಲಿಷಿಗೂ ಇಳಿಯಿತು. ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೌ ಉಳಿದದ್ದು ಆಳುಕಾಳುಗಳಿಗೆ, ಮಕ್ಕಳಿಗೆ, ಪ್ರೇಮಿಗಳಿಗೆ, ಶತ್ರುವಿಗೆ, ಮತ್ತೆ ದೇವರಿಗೆ. ನಮ್ಮ ವಚನಕಾರರೂ ದಾಸರೂ ದೇವರನ್ನು ನೀನು ಎಂದೇ ಕರೆದರಲ್ಲ, ಹಾಗೆ.

1603ರಲ್ಲಿ ವಿಂಚೆಸ್ಟರಿನಲ್ಲಿ ಸರ್ ವಾಲ್ಟರ್ ರಾಲಿಯ ಮೇಲೆ ರಾಜದ್ರೋಹದ ವಿಚಾರಣೆ ನಡೆಯಿತು. ಅಟಾರ್ನಿ ಜನರಲ್ ಎಡ್ವರ್ಡ್ ಕೋಕ್ ಅವನನ್ನು ದೌ ಎಂದು ಕರೆದದ್ದಲ್ಲದೆ, ಆ ಪದವನ್ನೇ ಕ್ರಿಯಾಪದ ಮಾಡಿ, ಬೇಕೆಂದೇ ಹಾಗೆ ಕರೆಯುತ್ತಿದ್ದೇನೆ ಎಂದೂ ಸಾರಿದ. ‘ಏಕವಚನದಲ್ಲಿ ಮಾತಾಡಬೇಡಿ’ ಎಂಬ ಮಾತಿನಿಂದ ನಮ್ಮಲ್ಲಿ ಎಷ್ಟು ಜಗಳ ಶುರುವಾಗುವುದಿಲ್ಲ? ಕೋಕ್‌ನ ಕೆಚ್ಚು ಕನ್ನಡಿಗನಿಗೆ ಅಡಿಟಿಪ್ಪಣಿಯಿಲ್ಲದೆ ಅರ್ಥವಾಗುತ್ತದೆ.

‘ಹ್ಯಾಮ್ಲೆಟ್’ ನಾಟಕದ ಮೂರನೇ ಅಂಕದಲ್ಲಿ ತಾಯಿ ಮಗನನ್ನು ಕೋಣೆಗೆ ಕರೆಸಿಕೊಳ್ಳುತ್ತಾಳೆ. ನಿನ್ನ ತಂದೆಯನ್ನು ನೋಯಿಸಿದ್ದೀಯ ಎಂದು ದೌ ಹಾಕಿ ಗದರಿಸುತ್ತಾಳೆ. ಮಗ ಅದೇ ಮಾತನ್ನು ಯೂ ಹಾಕಿ ತಿರುಗಿಸಿ ಹೊಡೆಯುತ್ತಾನೆ. ತಟ್ಟನೆ ತಾಯಿಯೂ ದೌ ಬಿಟ್ಟು ಯೂಗೆ ಹೋಗುತ್ತಾಳೆ. ನನ್ನ ಕಣ್ಣಿಗೆ ಆ ದೃಶ್ಯದ ಚಳಿಯೆಲ್ಲ ಇರುವುದು ಇಲ್ಲಿ. ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದ ಮಗನಿಗೆ ಬಾಗಿಲು ತೆಗೆಯುತ್ತ ನಮ್ಮ ಅಮ್ಮ ‘ಈಗ ದಯಮಾಡಿಸಿದ್ರೋ ತಾವು?’ ಅನ್ನುತ್ತಿದ್ದಳು. ಬೈದಿದ್ದರೆ ಊಟ ಸೇರುತ್ತಿತ್ತು. ‘ತಾವು’ ಕೇಳಿದ ರಾತ್ರಿ ಸೇರುತ್ತಿರಲಿಲ್ಲ.

ಈ ಪದಕ್ಕಾಗಿ ಏಟು ತಿಂದವರೂ ಇದ್ದಾರೆ. ಹದಿನೇಳನೇ ಶತಮಾನದ ಕ್ವೇಕರ್ ಪಂಥದವರು ಯಾರಿಗೂ ಟೋಪಿ ತೆಗೆಯುವುದಿಲ್ಲ, ಒಬ್ಬ ಮನುಷ್ಯನಿಗೆ ಬಹುವಚನ ಹಾಕುವುದಿಲ್ಲ ಎಂದು ಹಟ ಹಿಡಿದರು. ಒಬ್ಬನನ್ನು ಹಲವರು ಎನ್ನುವುದು ಸುಳ್ಳು ಎಂಬುದು ಅವರ ವಾದ. ಅವರ ಮುಂದಾಳು ಜಾರ್ಜ್ ಫಾಕ್ಸ್ 1660ರಲ್ಲಿ ಇಬ್ಬರು ಸಂಗಡಿಗರೊಡನೆ ಹತ್ತಾರು ಭಾಷೆಗಳ ವ್ಯಾಕರಣ ಜಾಲಾಡಿ, ಏಕವಚನ ಏಕವಚನವೇ ಎಂದು ಸಾಧಿಸುವ ಪುಸ್ತಕವನ್ನೇ ತಂದ. ಆ ಕಾಲದಲ್ಲೇ ತಾಮಸ್ ಎಲ್‌ವುಡ್ ಎಂಬ ತರುಣ ತಂದೆಯನ್ನು ದೌ ಎಂದ. ಇನ್ನೊಮ್ಮೆ ಹಾಗಂದರೆ ಹಲ್ಲು ಗಂಟಲಿಗಿಳಿಸುತ್ತೇನೆ ಎಂದು ತಂದೆ ಗುಡುಗಿದ. ಮಗನ ಟೋಪಿಗಳನ್ನು ಒಂದೊಂದಾಗಿ ಕಿತ್ತುಕೊಂಡ. ಈ ಎಲ್‌ವುಡ್‌ನೇ ಮುಂದೆ ಕುರುಡ ಮಿಲ್ಟನ್ನನಿಗೆ ಪುಸ್ತಕ ಓದಿ ಹೇಳಿದವನು.

ನಮ್ಮೂರಲ್ಲಿ ಹತ್ತು ವರ್ಷದ ಹುಡುಗ ಅಪ್ಪನ ವಯಸ್ಸಿನ ಆಳನ್ನು ‘ಬಾರೋ’ ಅನ್ನುತ್ತಿದ್ದುದನ್ನು ಕೇಳಿ ಬೆಳೆದವನು ನಾನು. ಎಲ್ಲರಿಗೂ ನೀವು ಅಂದರೆ ಸಮಾನತೆ ಎಂದು ನನಗೆ ಹೊಳೆದೀತು. ಎಲ್ಲರಿಗೂ, ರಾಜನಿಗೂ, ನೀನು ಅನ್ನೋಣ ಎಂದು ಹೊಳೆದದ್ದು ಕ್ವೇಕರರಿಗೆ. ಗೆದ್ದದ್ದು ಅವರ ದಾರಿಯಲ್ಲ. ಲಂಡನ್ನಿನಂಥ ಊರು ಬೆಳೆದಂತೆ ಎದುರಿಗೆ ಬಂದವನ ಅಂತಸ್ತು ಅಂದಾಜಿಗೆ ಸಿಗದಾಯಿತು. ಯೂ ಅಂದರೆ ಅಪಾಯವಿಲ್ಲ. ಆ ಶತಮಾನ ಮುಗಿಯುವುದರೊಳಗೆ ಶಿಷ್ಟರ ಆಡುಮಾತಿನಿಂದ ದೌ ಹೆಚ್ಚುಕಡಿಮೆ ಜಾರಿಹೋಯಿತು. ಯಾರ್ಕ್‌ಷೈರಿನ ಕಡೆ ಹಿರಿಯರ ಬಾಯಲ್ಲಿ ‘ದಾ’ ಎಂದು ಉಳಿದದ್ದುಂಟು.

ಉಳಿದ ಇನ್ನೊಂದು ಜಾಗ ಪ್ರಾರ್ಥನೆ. 1611ರ ಬೈಬಲ್ ಅನುವಾದ ದೇವರಿಗೂ ಸೈತಾನನಿಗೂ ಸಮನಾಗಿ ದೌ ಹಾಕಿತ್ತು. ಅಲ್ಲಿ ಅದು ಬರೀ ವ್ಯಾಕರಣ. ಆದರೆ ಇಗರ್ಜಿಯಲ್ಲಿ ಮಾತ್ರ ಕೇಳುವ ಪದಕ್ಕೆ ನಿಧಾನವಾಗಿ ಧೂಪದ ವಾಸನೆ ಅಂಟಿತು. 1952ರಲ್ಲಿ ಅಮೆರಿಕದಲ್ಲಿ ಪರಿಷ್ಕೃತ ಬೈಬಲ್ ಪೂರ್ತಿಯಾಗಿ ಬಂದಾಗ ಮನುಷ್ಯರಿಗೆಲ್ಲ ಯೂ, ದೇವರಿಗೆ ಮಾತ್ರ ದೌ. ಅದರಲ್ಲಿ ಶಿಷ್ಯರು ಯೇಸುವಿಗೆ ಯೂ ಅಂದದ್ದಕ್ಕೆ, ಅವನ ದೈವತ್ವಕ್ಕೇ ಕುಂದು ತಂದಿರಿ ಎಂದು ಕೆಲವರು ಹರಿಹಾಯ್ದರು. ಕೋಕ್ ಬೈಗುಳವಾಗಿ ಎಸೆದ ಪದ ಅದು!

ಕಳೆದ ತಿಂಗಳು ಒಂದು ಇಂಗ್ಲಿಷ್ ಕಥೆ ಅನುವಾದಿಸಲು ಕೂತೆ. ಆಫೀಸಿನಲ್ಲಿ ಪರಿಚಯವಾಗುವ ಗಂಡು ಹೆಣ್ಣು, ಆರನೇ ಪುಟಕ್ಕೆ ಮದುವೆ. ಮೊದಲಿಂದ ಕೊನೆವರೆಗೂ ಯೂ. ಕನ್ನಡದಲ್ಲಿ ಅವರು ಎಲ್ಲೋ ಒಂದು ಕಡೆ ‘ನೀವು’ ದಾಟಲೇಬೇಕು. ಎಲ್ಲಿ ಎಂದು ಲೇಖಕ ಹೇಳಿಲ್ಲ, ಅವನಿಗೆ ಆ ತೊಂದರೆಯೇ ಇಲ್ಲ. ನಾಲ್ಕನೇ ಪುಟದಲ್ಲಿ ಮಳೆ ಬರುತ್ತದೆ, ಇಬ್ಬರಿಗೂ ಸೇರಿ ಒಂದು ಕೊಡೆ. ಅಲ್ಲಿ ಅವನ ಬಾಯಲ್ಲಿ ‘ನೀನು’ ಹಾಕಿದೆ. ಅವಳದನ್ನು ಸದ್ಯಕ್ಕೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.