60 ದೊಡ್ಡದಾ, 85 ದೊಡ್ಡದಾ?

ವಿಟಿಯು ಪರೀಕ್ಷೆಗೆ ಕೂರಲು 85 ಪರ್ಸೆಂಟ್ ಹಾಜರಿ ಬೇಕು. ಇದು ದಾವಣಗೆರೆ ಹಾಸ್ಟೆಲ್‌ನಲ್ಲಿ ಇರೋರಿಗೂ ಗೊತ್ತು, ದಿನಾ ಹರಿಹರದಿಂದ ಬಸ್ಸಲ್ಲಿ ನಿಂತ್ಕೊಂಡು ಬರೋರಿಗೂ ಗೊತ್ತು. ಶೆಲ್‌ಗೆ ಗೊತ್ತಾ? ಇಫ್ ಮುಂದೆ [ 60 > 85 ] ಅಂತ ಬರೆದು ನೋಡಿ. ನಿಜ ಅನ್ನುತ್ತೆ! ಎರರ್ ಇಲ್ಲ, ವಾರ್ನಿಂಗೂ ಇಲ್ಲ. ಫೋಲ್ಡರ್‌ನಲ್ಲಿ ಮಾತ್ರ 85 ಅನ್ನೋ ಹೆಸರಿನ ಖಾಲಿ ಫೈಲ್ ಒಂದು ಹುಟ್ಟಿರುತ್ತೆ.

ಕಾರಣ ಇಷ್ಟೇ. ಶೆಲ್‌ನಲ್ಲಿ [ ಅನ್ನೋದು ಒಂದು ಕಮಾಂಡ್. 1979ರ ವರ್ಷನ್ 7 ಯೂನಿಕ್ಸ್‌ನಲ್ಲಿದ್ದ ಟೆಸ್ಟ್ ಕಮಾಂಡ್‌ಗೆ ಆಮೇಲೆ ಸಿಕ್ಕ ಇನ್ನೊಂದು ಹೆಸರು. ಅದಕ್ಕೇ ಪಕ್ಕದಲ್ಲಿ ಸ್ಪೇಸ್ ಕಡ್ಡಾಯ. ಕಮಾಂಡ್‌ನಲ್ಲಿ > ಬಂದರೆ ಶೆಲ್ ಔಟ್‌ಪುಟ್ ಅನ್ನು ಫೈಲಿಗೆ ಕಳಿಸುತ್ತೆ. ಟೆಸ್ಟ್‌ಗೆ ಉಳಿಯೋದು 60 ಒಂದೇ. ಖಾಲಿಯಲ್ಲದ ಒಂದು ಪದ ಸಿಕ್ಕರೆ ಅದು ನಿಜ ಅಂತಲೇ ಹೇಳುತ್ತೆ. ಸಂಖ್ಯೆ ಹೋಲಿಸೋಕೆ ಮೈನಸ್ ಜಿಟಿ, ಮೈನಸ್ ಜಿಇ ಇರೋದು ಇದಕ್ಕೇ.

ನಾವು ಈ ಆಪರೇಟರ್‌ಗಳ ಟೇಬಲ್ಲನ್ನ ರೆಕಾರ್ಡ್‌ನಲ್ಲಿ ಬರೀತೀವಿ, ವೈವಾಗೆ ಬೈಹಾರ್ಟ್ ಮಾಡ್ತೀವಿ, ಸೆಮ್ ಮುಗಿದ ಮೇಲೆ ಮರೀತೀವಿ. ನಮ್ಮ ಅಭಿಪ್ರಾಯದಲ್ಲಿ ಟೇಬಲ್‌ಗಿಂತ ಮೊದಲು '[ ಒಂದು ಕಮಾಂಡ್' ಅನ್ನೋ ಒಂದೇ ಮಾತನ್ನ ಹೇಳಿಕೊಡಬೇಕು. ಉಳಿದಿದ್ದು ಅದರಿಂದಲೇ ಅರ್ಥ ಆಗುತ್ತೆ. ಸಿ ಭಾಷೆಯಲ್ಲಿ ಸೊನ್ನೆ ಸುಳ್ಳು, ಶೆಲ್‌ನಲ್ಲಿ ಸೊನ್ನೆ ನಿಜ. ಯಾಕೆ? ಕಮಾಂಡ್ ಗೆಲ್ಲೋದು ಒಂದೇ ರೀತಿ, ಸೋಲೋಕೆ ನೂರು ಕಾರಣ. ಗೆಲುವಿಗೆ ಸೊನ್ನೆ ಸಾಕು, ಸೋಲುಗಳಿಗೆ ಉಳಿದ ನಂಬರ್‌ಗಳು ಬೇಕು.

ಇದು ಬರೀ ಮಾರ್ಕ್ಸ್ ವಿಷಯ ಅಲ್ಲ. ಬ್ಯಾಕಪ್ ಫೈಲ್ ಇದ್ದರೆ ಹಳೇದನ್ನ ಅಳಿಸು ಅಂತ ಒಂದು ಸ್ಕ್ರಿಪ್ಟ್ ಇದೆ ಅಂದುಕೊಳ್ಳಿ. ಫೈಲ್ ಹೆಸರಿನ ವೇರಿಯಬಲ್ ಖಾಲಿ, ಸುತ್ತ ಡಬಲ್ ಕೋಟ್ಸ್ ಹಾಕಿಲ್ಲ. ಟೆಸ್ಟ್‌ಗೆ ಕಾಣೋದು ಮೈನಸ್ ಎಫ್ ಅನ್ನೋ ಒಂದೇ ಪದ. ಅದು ಖಾಲಿಯಲ್ಲ, ಆದ್ದರಿಂದ ನಿಜ. ಬ್ಯಾಕಪ್ ಇಲ್ಲದೇನೇ ಹಳೇ ಫೈಲ್ ಹೋಯ್ತು.

ಬ್ಯಾಶ್‌ನಲ್ಲಿ [[ ಇದೆಯಲ್ಲ ಅಂತ ಕೆಲವರು ಹೇಳ್ತಾರೆ. ಇದೆ, ಒಳ್ಳೇದೇ. ಆದರೆ ಅದರಲ್ಲೂ > ಅಕ್ಷರಗಳನ್ನ ಹೋಲಿಸುತ್ತೆ. ಅದರ ಪ್ರಕಾರ 9 ಅನ್ನೋದು 85ಕ್ಕಿಂತ ದೊಡ್ಡದು! ಉಬುಂಟುವಿನ ಎಸ್‌ಎಚ್ ಅಂದರೆ ಡ್ಯಾಶ್, ಅದಕ್ಕೆ [[ ಗೊತ್ತೇ ಇಲ್ಲ.

ಇಂಗ್ಲಿಷ್ ಮೀಡಿಯಮ್‌ನಲ್ಲಿ ಓದಿದ ನಮಗೂ ಇದೆಲ್ಲ ಕನ್ನಡದಲ್ಲಿ ಮಾತಾಡಿದಾಗಲೇ ತಲೆಗೆ ಹೋಗೋದು. ಮುಂದಿನ ಲ್ಯಾಬ್‌ನಲ್ಲಿ ಮ್ಯಾನ್ಯುಯಲ್ ತೆರೆಯೋ ಮೊದಲು ಪಕ್ಕದವರ ಜೊತೆ [ 60 > 85 ] ಓಡಿಸಿ, ಆಮೇಲೆ ಎಲ್‌ಎಸ್ ಹೊಡೆದು ನೋಡಿ. ಆ 85 ಫೈಲ್ ಎಲ್ಲಿಂದ ಬಂತು ಅಂತ ಒಬ್ಬರಿಗೊಬ್ಬರು ವಿವರಿಸೋಕಾದರೆ ವೈವಾಗೆ ಹೆದರಬೇಕಾಗಿಲ್ಲ.