ವಿಕಿಯೂ ಪಂಡಿತರ ಭಯವೂ

ನಮ್ಮ ಜಿಲ್ಲೆಯ ಗಮಕಾಭಿಮಾನಿಗಳು ವಾಟ್ಸಾಪಿನಲ್ಲಿ ಕೂಟವೊಂದನ್ನು ಕಟ್ಟಿಕೊಂಡು ನಾಲ್ಕು ವರ್ಷಗಳಾದುವು. ಕುಮಾರವ್ಯಾಸನ ಪದ್ಯಗಳ ಅರ್ಥ, ರಾಗ, ಪಾಠಾಂತರಗಳನ್ನು ಕುರಿತು ಅಲ್ಲಿ ಹಗಲಿರುಳೂ ಚರ್ಚೆ. ಈಗ ಕೆಲವರು ತರುಣರು, ಆ ಚರ್ಚೆಯ ಸಾರವನ್ನು ಒಂದು ವಿಕಿಯಲ್ಲಿ, ಎಂದರೆ ಒಬ್ಬರು ಬರೆದುದನ್ನು ಮತ್ತೊಬ್ಬರು ತಿದ್ದಬಹುದಾದ ಜಾಲಗ್ರಂಥದಲ್ಲಿ, ಕೂಡಿಡೋಣವೆಂದರೆ ಹಿರಿಯರು ಕೆಲವರು ಕೆಂಡವಾಗಿರುವರು. ಹವಾಯಿ ಭಾಷೆಯಲ್ಲಿ ವಿಕಿಯೆಂದರೆ ಬೇಗ ಎಂದರ್ಥ. ಆ ಬೇಗವೇ ಅವರ ಸಿಟ್ಟಿಗೆ ಕಾರಣವೋ ಏನೋ! “ಕಂಡಕಂಡವರು ತಿದ್ದುವ ಗ್ರಂಥಕ್ಕೆ ಪ್ರಾಮಾಣ್ಯವೆಲ್ಲಿಯದು?” ಎಂಬುದು ಆಕ್ಷೇಪ. ಆಕ್ಷೇಪಿಸಿದವರಲ್ಲಿ ಇಬ್ಬರು ನನ್ನ ಸಹಪಾಠಿಗಳು. ಆದಾಗ್ಯೂ ಹೇಳದೆ ವಿಧಿಯಿಲ್ಲ.

ಮಹನೀಯರೆ, ಪಾಠಶಾಲೆಯಲ್ಲಿ ನಾವು ಕಲಿತುದೇನು? ಪಾಣಿನಿಯ ಸೂತ್ರಗಳಿಗೆ ಕಾತ್ಯಾಯನನು ವಾರ್ತಿಕಗಳನ್ನು ಬರೆದು, ಸಾಲದೆಡೆಯಲ್ಲಿ ಸೇರಿಸಿದನು, ಹೆಚ್ಚಾದೆಡೆಯಲ್ಲಿ ಬೇಡವೆಂದನು. ಪತಂಜಲಿಯು ಇಬ್ಬರನ್ನೂ ವಿಚಾರಣೆಗೆ ನಿಲ್ಲಿಸಿದನು. ಮೂವರಲ್ಲಿ ಭೇದ ಬಂದರೆ ಕೊನೆಯವನ ಮಾತೇ ಹೆಚ್ಚು ಪ್ರಮಾಣವೆಂದು ವೈಯಾಕರಣರು ಒಪ್ಪಿದರೇ ಹೊರತು, ತಿದ್ದಿದ್ದರಿಂದ ಶಾಸ್ತ್ರವು ಕೆಟ್ಟಿತೆಂದು ಅಳಲಿಲ್ಲ. ನೆಟ್ಟ ಕಂಬವನ್ನು ಅಲ್ಲಾಡಿಸಿ ಅಲ್ಲಾಡಿಸಿಯೇ ಭದ್ರಪಡಿಸುವ ಸ್ಥೂಣಾನಿಖನನನ್ಯಾಯವು ನಮ್ಮದೇ ಅಲ್ಲವೆ?

ಪ್ರಕ್ಷೇಪದ ಭಯವಂತೂ ನನಗೆ ನಗು ತರಿಸುವುದು. ಓಲೆಗರಿಯ ಲಿಪಿಕಾರನು ತಾನು ನುಸುಳಿಸಿದ ಶ್ಲೋಕದ ಪಕ್ಕದಲ್ಲಿ ಹೆಸರು ತಿಥಿಗಳನ್ನು ಬರೆದಿಡಲಿಲ್ಲ. ಆದುದರಿಂದಲೇ ಪುಣೆಯ ಭಂಡಾರಕರ ಸಂಸ್ಥೆಯವರು 1919ರಲ್ಲಿ ಕೈಗೊಂಡ ಮಹಾಭಾರತದ ಪಾಠಪರಿಷ್ಕರಣವು ಮುಗಿಯುವಾಗ 1966 ಬಂದಿತು. ವಿಕಿಯಲ್ಲಾದರೋ ಪ್ರತಿ ಪುಟಕ್ಕೂ ಒಂದು ಇತಿಹಾಸವಿರುವುದು: ಯಾರು, ಯಾವ ದಿನ, ಯಾವ ಗಳಿಗೆಯಲ್ಲಿ, ಯಾವ ಅಕ್ಷರವನ್ನು ತಿದ್ದಿದರೆಂಬುದೆಲ್ಲ ಅಲ್ಲಿ ಉಳಿಯುವುದು, ಹಳೆಯ ಪಾಠವನ್ನು ಕ್ಷಣದಲ್ಲಿ ಮರಳಿ ತರಬಹುದು. ವಾದಮಾಡುವವರಿಗೆ ಚರ್ಚಾಪುಟವು ಬೇರೆಯೇ ಉಂಟು.

“ಪಂಡಿತಮಂಡಲಿಯು ಒಪ್ಪಿದುದನ್ನು ಮಾತ್ರ ಹಾಕೋಣ” ಎನ್ನುವರು. ಅದನ್ನೂ ಲೋಕವು ಮಾಡಿ ನೋಡಿದೆ. ಜಿಮ್ಮಿ ವೇಲ್ಸ್, ಲ್ಯಾರಿ ಸ್ಯಾಂಗರ್ ಎಂಬವರು 2000ದಲ್ಲಿ ನ್ಯೂಪೀಡಿಯವೆಂಬ ವಿಶ್ವಕೋಶವನ್ನು ತೊಡಗಿಸಿ, ಲೇಖನಗಳಿಗೆ ವಿದ್ವಾಂಸರಿಂದ ಏಳು ಹಂತಗಳ ಪರೀಕ್ಷೆಯನ್ನು ವಿಧಿಸಿದರು. ಮೊದಲ ವರ್ಷ ಮೂವತ್ತು ಲೇಖನಗಳೂ ಪೂರೈಸಲಿಲ್ಲ. ಅವರೇ 2001ರ ಜನವರಿಯಲ್ಲಿ ಎಲ್ಲರಿಗೂ ಬಾಗಿಲು ತೆರೆದ ವಿಕಿಪೀಡಿಯದಲ್ಲಿ ಆ ವರ್ಷದೊಳಗೇ ಸಾವಿರಾರು ಲೇಖನಗಳಾದುವು. ದೋಷವಿರಲಿಲ್ಲವೆನ್ನೆನು. 2005ರಲ್ಲಿ ಅಮೆರಿಕದ ಪತ್ರಕರ್ತ ಜಾನ್ ಸೀಗೆಂಥಾಲರರನ್ನು ಕುರಿತ ಹಸಿಸುಳ್ಳು ಅಲ್ಲಿ ನಾಲ್ಕು ತಿಂಗಳು ಉಳಿದಿತ್ತು, ಬರೆದವನು ಹೆಸರಿಲ್ಲದವನು. ನಮ್ಮಲ್ಲಿ ಹೆಸರು ಹೇಳದೆ ಬರೆಯಕೂಡದೆಂದರೆ ಮುಗಿಯಿತು.

“ಕನ್ನಡ ವಿಕಿಪೀಡಿಯವೇ 2003ರಿಂದ ಇರುವಾಗ ಮತ್ತೊಂದೇಕೆ?” ಎಂಬುದು ಮಾತ್ರ ಯೋಗ್ಯವಾದ ಪ್ರಶ್ನೆ. ಅಲ್ಲಿ ಪ್ರಕಟವಾದ ಆಧಾರವಿಲ್ಲದ ಮಾತಿಗೆ ಎಡೆಯಿಲ್ಲ. ವಿಶ್ವಕೋಶಕ್ಕೆ ಅದು ತಕ್ಕದ್ದೇ. ಆದರೆ ಯಾವ ಹಳ್ಳಿಯ ಗಮಕಿಯು ಯಾವ ಸಂಧಿಯನ್ನು ಯಾವ ರಾಗದಲ್ಲಿ ಓದುತ್ತಿದ್ದನೆಂಬುದಕ್ಕೆ ಅಚ್ಚಿನ ಆಧಾರವೆಲ್ಲಿಂದ ತರೋಣ? ಅದು ಇರುವುದು ಮುದುಕರ ಕಂಠದಲ್ಲಿ.

ಕಳೆದ ವರ್ಷ ಕೂಟದ ಹಿರಿಯರೊಬ್ಬರು ವಿರಾಟಪರ್ವದ ಒಂದು ಮಾತಿಗೆ, ತಮ್ಮ ತಾಯಿಯಿಂದ ಕೇಳಿದ ಅರ್ಥವನ್ನು ಏಳು ನಿಮಿಷ ಧ್ವನಿಯಲ್ಲಿ ವಿವರಿಸಿ ಕಳುಹಿದರು. ನಾವೆಲ್ಲ ಕೈಮುಗಿದ ಚಿತ್ರಗಳನ್ನು ಹಾಕಿ ಸುಮ್ಮನಾದೆವು. ಮಾಘದಲ್ಲಿ ಅವರು ತೀರಿಕೊಂಡರು. ಅದೇ ಮಾತಿನ ಅರ್ಥವನ್ನು ಹುಡುಗಿಯೊಬ್ಬಳು ಮೊನ್ನೆ ಕೇಳಿದಾಗ, ಒಬ್ಬರು ಮೊಬೈಲು ಬದಲಿಸಿದ್ದರು, ಒಬ್ಬರು ಜಾಗವಿಲ್ಲವೆಂದು ಅಳಿಸಿದ್ದರು. ನನಗೆ ಅರ್ಧ ಮಾತ್ರ ನೆನಪಿತ್ತು. ಪ್ರಾಮಾಣ್ಯವನ್ನು ಕಾಯುವ ನಮ್ಮ ಪಂಡಿತರಲ್ಲಿ ಒಬ್ಬರೂ ಬರೆದಿಟ್ಟಿರಲಿಲ್ಲ.

ತರುಣರು ವಿಕಿಯನ್ನು ತೆರೆದಿರುವರು. ಆ ಅರ್ಧ ಅರ್ಥವನ್ನು ಮೊದಲ ಪುಟದಲ್ಲಿ ನಾನೇ ನನ್ನ ಹೆಸರಿನಲ್ಲಿ ಬರೆದಿರುವೆನು. ಅದರಲ್ಲಿ ತಪ್ಪಿದೆಯೆಂದು ನನಗೆ ಗೊತ್ತು. ಸಹಪಾಠಿಗಳು ಬಂದು ತಿದ್ದಲೆಂದು ಕಾದಿದ್ದೇನೆ.